ಅಶೋಕಪುರಂ ಹುಡುಗರಿಗೊಂದು ಟ್ಯಾಂಕು ಬೇಕು

ದಸರಾ ಗೊಂಬೆ ಕೂರಿಸಿದ ಮನೆಗೆ ಹೋಗಿ ನೋಡಿ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆ, ಕೆಳಗೆ ಅಂಗಡಿ ಹರಡಿಕೊಂಡ ಶೆಟ್ಟಿ ಮತ್ತು ಶೆಟ್ಟಮ್ಮ, ಪಕ್ಕದಲ್ಲಿ ಅಂಬಾರಿ ಆನೆ. ಶೆಟ್ಟಿ ಆನೆಗಿಂತ ಒಂದೂವರೆಪಟ್ಟು ದೊಡ್ಡವನು. ಅವನ ಮುಂದಿರುವ ಕುಂಬಳಕಾಯಿ ಅರಮನೆಯ ಗೋಪುರದಷ್ಟು ದಪ್ಪ. ಅದರ ಬದಿಯಲ್ಲಿ ಮನೆಯ ಹುಡುಗ ತಂದಿಟ್ಟ ಕೀಲಿ ಕೊಡುವ ಮಿಲಿಟರಿ ಟ್ಯಾಂಕು, ಶೆಟ್ಟಿಯ ಚಪ್ಪಲಿಯಷ್ಟು. ಯಾರೂ ತಕರಾರು ತೆಗೆಯುವುದಿಲ್ಲ. ಗೊಂಬೆ ಹಬ್ಬದಲ್ಲಿ ಅಳತೆ ಕೇಳುವವನು ಅರಸಿಕ.

ಆದರೆ ಅಳತೆಯೇ ಸರ್ವಸ್ವವಾದ ಇನ್ನೊಂದು ಬಗೆಯ ಬೊಂಬೆಯಿದೆ. ಸ್ಕೇಲ್ ಮಾಡೆಲ್ ಕಿಟ್ ಅನ್ನುತ್ತಾರೆ. ಯುದ್ಧದ ಟ್ಯಾಂಕು, ಉಕ್ಕಿನ ಕವಚದ ಗಾಡಿ ಇವುಗಳನ್ನು ಮೂವತ್ತೈದರಲ್ಲಿ ಒಂದು ಪಾಲಿಗೋ ಎಪ್ಪತ್ತೆರಡರಲ್ಲಿ ಒಂದು ಪಾಲಿಗೋ ಇಳಿಸಿ, ಬಿಡಿಬಿಡಿ ಮಾಡಿ ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಾರೆ. ಪೆಟ್ಟಿಗೆಯ ಮೇಲೆ ಹೊಗೆ ಕಾರುತ್ತ ನುಗ್ಗುವ ಟ್ಯಾಂಕಿನ ಭರ್ಜರಿ ಚಿತ್ರ. ಮುಚ್ಚಳ ತೆಗೆದರೆ ಟ್ಯಾಂಕೇ ಇಲ್ಲ! ಪ್ಲಾಸ್ಟಿಕ್ ಕಂಬಿಗಳ ಚೌಕಟ್ಟಿಗೆ ಹುಣಸೆಕಾಯಿಯ ಹಾಗೆ ಜೋತುಬಿದ್ದ ನೂರಾರು ತುಂಡುಗಳು, ಒಂದು ನಕ್ಷೆ, ಅಷ್ಟೆ. ತುಂಡುಗಳನ್ನು ಒಂದೊಂದಾಗಿ ಕತ್ತರಿಸಿ, ಅಂಚು ಉಜ್ಜಿ, ನಂಬರು ನೋಡಿ ಅಂಟಿಸಬೇಕು. ಆ ಅಂಟು ಗೋಂದಲ್ಲ. ಎರಡೂ ಅಂಚುಗಳನ್ನು ಒಂದಿಷ್ಟು ಕರಗಿಸಿ ಒಂದಾಗಿಸುತ್ತದೆ. ಆರಿದ ಮೇಲೆ ಅದು ಬೆಸುಗೆಯೇ ಸರಿ. ಆಮೇಲೆ ಬಣ್ಣ, ನಂಬರು, ಕೊನೆಗೆ ಚಕ್ರಕ್ಕೆ ಮೆತ್ತಿದ ಕೆಸರು. ಹೌದು ಸ್ವಾಮಿ, ಕೆಸರನ್ನೂ ಬಳಿಯುತ್ತಾರೆ. ಪಳಪಳ ಹೊಳೆಯುವ ಟ್ಯಾಂಕು ಯುದ್ಧಕ್ಕೆ ಹೋಗಿಲ್ಲವೆಂದು ನೋಡಿದವರಿಗೆ ಗೊತ್ತಾಗಿಬಿಡುತ್ತದಂತೆ.

ಇದಕ್ಕೂ ಅಶೋಕಪುರಂಗೂ ಏನ್ರೀ ಸಂಬಂಧ ಅಂತ ಕೇಳಬಹುದು. ಇದೆ. ಹಿಂದೆ ಆದಿಕರ್ನಾಟಕಪುರ ಎನಿಸಿಕೊಂಡಿದ್ದ ಈ ಬಡಾವಣೆಗೆ ಅಂಬೇಡ್ಕರ್ ಪಾರ್ಕು ಒಂದು ಗುರುತಾದರೆ ರೈಲ್ವೆ ವರ್ಕ್‌ಶಾಪು ಇನ್ನೊಂದು ಗುರುತು. 1920ರ ದಶಕದಲ್ಲಿ ಮೈಸೂರು ಸಂಸ್ಥಾನದ ರೈಲ್ವೆ ಕಟ್ಟಿದ್ದು. ಉಗಿಬಂಡಿಯ ಕಾಲ ಹೋಯಿತು, ಮೀಟರ್ ಗೇಜಿನ ಕಾಲವೂ ಹೋಯಿತು, ವರ್ಕ್‌ಶಾಪು ಮಾತ್ರ ಉಳಿಯಿತು. ದೊಡ್ಡ ದುರಸ್ತಿಗೆ ಬಂದ ಬೋಗಿಯನ್ನು ಎತ್ತಿ ನಿಲ್ಲಿಸಿ, ಗಾಲಿ ಬೇರೆ, ಬ್ರೇಕು ಬೇರೆ, ಸೀಟು ಬೇರೆ ಮಾಡಿ, ತೊಳೆದು, ಸವೆದದ್ದನ್ನು ಬದಲಿಸಿ, ಮತ್ತೆ ಜೋಡಿಸಿ, ಬಣ್ಣ ಹೊಡೆದು, ನಂಬರು ಬರೆದು ಹಳಿಗೆ ಬಿಡುವುದು ಅಲ್ಲಿನ ಕೆಲಸ. ಕಿಟ್ ಕಟ್ಟುವವನ ಕೆಲಸವೂ ಹೆಚ್ಚುಕಮ್ಮಿ ಇದೇ, ಮೇಜಿನ ಮೇಲೆ. ಫಿಟ್ಟರ್ ಮನೆಯ ಹುಡುಗನಿಗೆ ಇದು ರಕ್ತದಲ್ಲೇ ಬಂದಿರುತ್ತೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ರಕ್ತದಲ್ಲಿ ಏನೂ ಬರುವುದಿಲ್ಲ. ರಾತ್ರಿ ಊಟದ ಹೊತ್ತಿನ ಮಾತಿನಲ್ಲಿ ಬರುತ್ತದೆ: ಯಾವ ಬೋಲ್ಟು ಕಚ್ಚಿಕೊಂಡಿತ್ತು, ಯಾವುದನ್ನು ಮೊದಲು ಬಿಚ್ಚಬೇಕಿತ್ತು ಎಂಬ ಮಾತಿನಲ್ಲಿ.

ಕಿಟ್ ಮಾತ್ರ ಆ ಮನೆಗೆ ಬರುವುದಿಲ್ಲ. ಬೆಲೆ ಬಿಡುವುದಿಲ್ಲ.

ಲೆಕ್ಕದ ಮೇಷ್ಟರಿಗೆ ಒಂದು ಮಾತು

ಬೆಲೆಯ ಕಥೆಗೆ ಆಮೇಲೆ ಬರೋಣ. ಕಿಟ್ ಮನೆಗೆ ಬಂದರೆ ಹುಡುಗನಿಗೆ ಸಿಗುವುದೇನು? ಮೊದಲು ಲೆಕ್ಕ ಸಿಗುತ್ತದೆ. ಆವಡಿಯ ಕಾರ್ಖಾನೆಯಲ್ಲಿ ತಯಾರಾಗಿ ನಮ್ಮ ಸೇನೆಯಲ್ಲಿ ‘ಅಜೇಯ’ ಎಂದು ಹೆಸರು ಪಡೆದ ಟಿ-72 ಟ್ಯಾಂಕನ್ನೇ ತೆಗೆದುಕೊಳ್ಳಿ. ಒಂದೊಂದು ಬದಿಗೆ ಆರು ಗಾಲಿ. ಗಾಲಿಯ ಅಡ್ಡಳತೆ 75 ಸೆಂಟಿಮೀಟರು. ಮೂವತ್ತೈದರಿಂದ ಭಾಗಿಸಿದರೆ ಎರಡು ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ, ಹೆಚ್ಚುಕಮ್ಮಿ ರೂಪಾಯಿ ನಾಣ್ಯದಷ್ಟು. ಫಿರಂಗಿಯ ಬಾಯಿ 125 ಮಿಲಿಮೀಟರು. ಮಾದರಿಯಲ್ಲಿ ಮೂರೂವರೆ, ಬಾಲ್‌ಪೆನ್ನಿನ ರೀಫಿಲ್ಲಿನ ಗಾತ್ರ. ಐದಡಿ ಏಳಂಗುಲದ ಸಿಪಾಯಿ ಐದು ಸೆಂಟಿಮೀಟರಿಗಿಂತ ಕೂದಲೆಳೆ ಗಿಡ್ಡ.

ತೂಕ? ಇಲ್ಲೇ ಎಲ್ಲರೂ ಎಡವುವುದು. ಆ ಟ್ಯಾಂಕು ಸುಮಾರು 41 ಟನ್ನು. ಮೂವತ್ತೈದರಲ್ಲಿ ಒಂದು ಪಾಲು ಅಂದರೆ ಒಂದು ಟನ್ನಿಗೂ ಮೇಲಾಯಿತಲ್ಲ, ಮೇಜು ಮುರಿದು ಬೀಳೋದಿಲ್ವೆ? ಬೀಳುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಕುಗ್ಗುತ್ತವೆ. ಆದ್ದರಿಂದ ಮೂವತ್ತೈದರಿಂದ ಮೂರು ಸಲ ಭಾಗಿಸಬೇಕು, ಅಂದರೆ 42,875ರಿಂದ. ಅದೇ ಉಕ್ಕಿನಲ್ಲಿ ಅಷ್ಟೇ ಕರಾರುವಾಕ್ಕಾಗಿ ಮಾಡಿದರೂ ಬೊಂಬೆ ಒಂದು ಕಿಲೋ ಸಕ್ಕರೆಯಷ್ಟು ತೂಗುವುದಿಲ್ಲ. ಘನಫಲದ ಪಾಠವನ್ನು ಬೋರ್ಡಿನ ಮೇಲೆ ಹತ್ತು ಸಲ ಬರೆದರೂ ತಲೆಗೆ ಹತ್ತದ ಹುಡುಗನಿಗೆ ಇದೊಂದು ಸಲಕ್ಕೆ ಹತ್ತುತ್ತದೆ.

ಬಿಚ್ಚಿ ಜೋಡಿಸುವುದು ಮಕ್ಕಳಾಟಿಕೆ ಕಣ್ರೀ ಅನ್ನುವ ದೊಡ್ಡವರಿದ್ದಾರೆ. ಅವರಿಗೆ 1948ರ ಜೋಜಿ ಲಾ ನೆನಪಿಸಬೇಕು. ಕಾಶ್ಮೀರದಿಂದ ಲಡಾಖಿಗೆ ಹೋಗುವ ದಾರಿಯ ಕಣಿವೆ ಅದು, ಹನ್ನೊಂದೂವರೆ ಸಾವಿರ ಅಡಿಗೂ ಮೇಲೆ. ಅದನ್ನು ಎದುರಾಳಿಗಳು ಹಿಡಿದು ಕೂತಿದ್ದರು. ಕಾಲಾಳುಗಳಿಂದ ಆಗಲಿಲ್ಲ. ಅಲ್ಲಿನ ಡಿವಿಷನ್ನಿಗೆ ಮುಖ್ಯಸ್ಥರಾಗಿದ್ದವರು ನಮ್ಮ ಮಡಿಕೇರಿಯ ಕೆ.ಎಸ್. ತಿಮ್ಮಯ್ಯ, ಆಗ ಮೇಜರ್ ಜನರಲ್. ಆ ಎತ್ತರಕ್ಕೆ ಟ್ಯಾಂಕು ಹತ್ತಿಸುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಅಷ್ಟು ಮೇಲೆ ಟ್ಯಾಂಕು ಹತ್ತಿಸಿ ಯುದ್ಧ ಮಾಡಿರಲಿಲ್ಲ. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು ಜಮ್ಮುವಿನಿಂದ ಗುಟ್ಟಾಗಿ ಹೊರಟವು. ಹೇಗೆ ಹೊರಟವು ಅಂತೀರಿ? ಮೇಲಿನ ತಿರುಗುವ ಗೋಪುರವನ್ನು ಬಿಚ್ಚಿ ಬೇರೆ ಮಾಡಿ! ದಾರಿಯ ಬಡಕಲು ಸೇತುವೆಗಳಿಗೆ ಭಾರ ಕಮ್ಮಿಯಾಗಬೇಕು, ನೋಡಿದವನಿಗೆ ಇದು ಟ್ಯಾಂಕೆಂದು ಗೊತ್ತಾಗಬಾರದು. ಮೇಲೆ ಹೋದ ಮೇಲೆ ಗೋಪುರವನ್ನು ಮತ್ತೆ ಕೂರಿಸಿದರು. ಬೆಂಗಳೂರಿನಲ್ಲಿ ಕೇಂದ್ರವಿರುವ ಮದ್ರಾಸ್ ಸ್ಯಾಪರ್ಸ್ ಪಡೆಯವರು ಬೆಟ್ಟ ಕಡಿದು ಹೇಸರಗತ್ತೆಯ ದಾರಿಯನ್ನು ಟ್ಯಾಂಕು ಹೋಗುವ ದಾರಿ ಮಾಡಿದರು. ನವೆಂಬರ್ 1ರಂದು ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ತಿಮ್ಮಯ್ಯನವರು ಹಿಂದೆ ಕೂತು ಅಪ್ಪಣೆ ಕೊಡಲಿಲ್ಲ, ಮುಂದಿನ ಟ್ಯಾಂಕಿನಲ್ಲೇ ಇದ್ದರು. ಕಣಿವೆ ತೆರೆಯಿತು.

ಆ ದಿನ ಗೆದ್ದದ್ದು ಧೈರ್ಯ, ನಿಜ. ಆದರೆ ಸ್ಪ್ಯಾನರ್ ಹಿಡಿದು, ಯಾವ ಬೋಲ್ಟು ಎಲ್ಲಿಯದು ಎಂದು ನೆನಪಿಟ್ಟುಕೊಂಡು, ಚಳಿಯಲ್ಲಿ ಮತ್ತೆ ಬಿಗಿದವನ ಕೈಯೂ ಗೆದ್ದಿತು. ಅವನ ಹೆಸರನ್ನು ಚರಿತ್ರೆಯ ಪುಸ್ತಕ ಬರೆಯುವುದಿಲ್ಲ. ವರ್ಕ್‌ಶಾಪಿನವರಿಗೆ ಅವನಾರೆಂದು ಹೇಳಬೇಕಾಗಿಲ್ಲ.

ಮರದ ಮಿಲ್ಲಿನಿಂದ ಬಂದ ಟ್ಯಾಂಕು

ಆ ಸ್ಟುವರ್ಟ್ ಟ್ಯಾಂಕಿನ ಕಿಟ್ ಕೂಡ ಬಂದಿದೆ. ಮಾಡಿದವರು ಜಪಾನಿನ ಶಿಜುಓಕಾ ಊರಿನ ತಮಿಯಾ ಕಂಪೆನಿ. ಈ ಕಂಪೆನಿಯ ಕಥೆ ಮೈಸೂರಿನವರು ಕೇಳಬೇಕಾದ್ದು. 1946ರಲ್ಲಿ ಶುರುವಾದಾಗ ಅದು ಮರ ಕೊಯ್ಯುವ ಮಿಲ್ಲು. ಮರದಲ್ಲೇ ಹಡಗು, ವಿಮಾನಗಳ ಮಾದರಿ ಮಾಡುತ್ತ ಬಂತು. ಪ್ಲಾಸ್ಟಿಕ್ಕು ಬಂದು ಮರದ ಬೊಂಬೆಗಳು ಕಪಾಟಿನಲ್ಲೇ ಕೂತವು. 1960ರಲ್ಲಿ ಪ್ಲಾಸ್ಟಿಕ್ಕಿನಲ್ಲಿ ‘ಯಮಾತೊ’ ಯುದ್ಧನೌಕೆ ಮಾಡಿದರು, ಅದು ಓಡಲಿಲ್ಲ. 1961ರಲ್ಲಿ ಜರ್ಮನಿಯ ಪ್ಯಾಂಥರ್ ಟ್ಯಾಂಕು ಮಾಡಿದರು, ಮೋಟಾರು ಇಟ್ಟು, ನೆಲದ ಮೇಲೆ ಓಡುವ ಹಾಗೆ. ಅದು ಗೆದ್ದಿತು.

ಈಗ ಜಗತ್ತೆಲ್ಲ ಒಪ್ಪಿರುವ ಆ ‘ಮೂವತ್ತೈದರಲ್ಲಿ ಒಂದು’ ಅಳತೆ ಎಲ್ಲಿಂದ ಬಂತು ಗೊತ್ತೆ? ಯಾವ ಶಾಸ್ತ್ರದಿಂದಲೂ ಬರಲಿಲ್ಲ. ಆ ಪ್ಯಾಂಥರಿನ ಹೊಟ್ಟೆಯಲ್ಲಿ ಮೋಟಾರು ಮತ್ತು ಎರಡು ಬ್ಯಾಟರಿ ಸೆಲ್ಲು ಹಿಡಿಸಬೇಕಿತ್ತು. ಹಿಡಿಸಿದ ಮೇಲೆ ಅಳೆದು ನೋಡಿದರೆ ಮೂವತ್ತೈದನೆಯ ಒಂದು ಪಾಲಾಗಿತ್ತು! ಟಾರ್ಚಿನ ಸೆಲ್ಲು ಇಟ್ಟ ನಿಯಮವನ್ನು ಅಮೆರಿಕ, ಯೂರೋಪು, ಚೀನದ ಕಂಪೆನಿಗಳೂ ಪಾಲಿಸುತ್ತಿವೆ.

ಕಂಪೆನಿಯನ್ನು ಬೆಳೆಸಿದ ಶುನ್ಸಾಕು ತಮಿಯಾ 2025ರ ಜುಲೈನಲ್ಲಿ ತೀರಿಕೊಂಡರು. ಅವರು ಅಮೆರಿಕದ ಅಬರ್ಡೀನ್ ಸೇನಾ ಮೈದಾನಕ್ಕೆ ಹೋಗಿ ಅಲ್ಲಿ ನಿಂತಿದ್ದ ಟ್ಯಾಂಕುಗಳ ಸಂದುಗೊಂದುಗಳ ಫೋಟೋ ತೆಗೆದವರು. ಪೋರ್ಷೆ ಕಾರಿನ ಮಾದರಿ ಮಾಡಬೇಕಾದಾಗ ಅಸಲೀ ಕಾರನ್ನೇ ಕೊಂಡು ಬಿಚ್ಚಿಸಿಬಿಟ್ಟರಂತೆ. ಹುಚ್ಚು ಅನ್ನಿ. ಮರದ ಬೊಂಬೆಯ ಚನ್ನಪಟ್ಟಣ ನಮ್ಮ ಬೆಂಗಳೂರು ರಸ್ತೆಯಲ್ಲೇ ಇದೆ, ಬೀಟೆ ಮರದಲ್ಲಿ ಕೂದಲೆಳೆಯ ಕುಂದಣ ಕೂರಿಸುವ ಕೈಗಳು ಮೈಸೂರಿನಲ್ಲೇ ಇವೆ. ಕೈಗೆ ಬರವಿಲ್ಲ. ಆ ಹುಚ್ಚಿಗೆ ಬರ.

ಅಸಲೀ ಟ್ಯಾಂಕಿನ ಕೆಲಸವೂ ಈ ಊರಿಗೆ ಹೊಸದಲ್ಲ. ಟ್ಯಾಂಕು ಕೆಟ್ಟು ನಿಂತರೆ ಎಳೆದು ತರುವ ಕ್ರೇನು ಹೊತ್ತ ಕವಚದ ಗಾಡಿಗಳನ್ನು ಕೋಲಾರ ಚಿನ್ನದ ಗಣಿಯ ಬೆಮೆಲ್ ತಯಾರಿಸಿದೆ. ಮೈಸೂರಿನ ಬೆಮೆಲ್‌ನಲ್ಲಿ 2024ರ ಮಾರ್ಚ್ 20ರಂದು ರಕ್ಷಣಾ ಕಾರ್ಯದರ್ಶಿಗಳ ಎದುರಿಗೆ ಟ್ಯಾಂಕಿನ 1500 ಅಶ್ವಶಕ್ತಿಯ ಎಂಜಿನ್ನನ್ನು ಮೊದಲ ಸಲ ಚಾಲೂ ಮಾಡಿ ನೋಡಿದರು. ಅಷ್ಟು ಶಕ್ತಿಯ ಟ್ಯಾಂಕ್ ಎಂಜಿನ್ ದೇಶದಲ್ಲೇ ತಯಾರಾದದ್ದು ಅದೇ ಮೊದಲು. ನಮ್ಮದೇ ‘ಅರ್ಜುನ’ ಟ್ಯಾಂಕಿಗೂ ಎಂಜಿನ್ನು ಜರ್ಮನಿಯಿಂದಲೇ ಬಂದಿತ್ತೆಂದರೆ ಇದರ ಬೆಲೆ ತಿಳಿಯುತ್ತದೆ. ಸಮುದ್ರಮಟ್ಟದಿಂದ 5,000 ಮೀಟರ್ ಮೇಲೆ, ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ 55 ಡಿಗ್ರಿ ಬಿಸಿಲಲ್ಲೂ ಓಡುವಂತೆ ಮಾಡಿದ್ದಾರೆ. ಜೋಜಿ ಲಾ ಅದಕ್ಕೆ ಎಡಗೈ ಆಟ. ಎಂಜಿನ್ನು ಗರ್ಜಿಸಿದ್ದು ನಮ್ಮ ಊರಿನಲ್ಲಿ, ಟ್ಯಾಂಕಿನ ಬೊಂಬೆ ಮಾತ್ರ ಹಡಗು ಹತ್ತಿ ಶಿಜುಓಕಾದಿಂದ ಬರಬೇಕು.

ಬಂದರೆ ತಾನೆ! ಹೊರದೇಶದ ಆಟಿಕೆಗಳ ಮೇಲಿನ ಸುಂಕ ಮೊದಲು ನೂರಕ್ಕೆ 20 ಇತ್ತು. 2020ರಲ್ಲಿ 60 ಮಾಡಿದರು, 2023ರಲ್ಲಿ 70. ಸಾವಿರ ರೂಪಾಯಿಯ ಪೆಟ್ಟಿಗೆ ಬಂದರಿನಲ್ಲಿ ಇಳಿದರೆ ಏಳುನೂರು ಸುಂಕಕ್ಕೇ ಹೋಯಿತು. ಅದರ ಮೇಲೆ ಜಿ.ಎಸ್.ಟಿ., ತರಿಸಿದವನ ಲಾಭ, ಅಂಗಡಿಯವನ ಲಾಭ. ಕಳಪೆ ಆಟಿಕೆಯ ಮಹಾಪೂರಕ್ಕೆ ಕಟ್ಟೆ ಹಾಕಿ ನಮ್ಮ ತಯಾರಕರನ್ನು ಬದುಕಿಸಬೇಕೆಂಬ ಉದ್ದೇಶ ಒಳ್ಳೆಯದೇ. ಚನ್ನಪಟ್ಟಣದವನ ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ನಾನು ಸುಂಕದ ಪರವೇ. ಆದರೆ ಸುಂಕದ ಪಟ್ಟಿಯಲ್ಲಿ ಗಿಲಕಿ, ಬೊಂಬೆ, ಮೂರು ಗಾಲಿ ಸೈಕಲ್ಲಿನ ಜತೆ ಇದೇ ಶೀರ್ಷಿಕೆಯೊಳಗೆ ಸ್ಕೇಲ್ ಮಾಡೆಲ್ಲನ್ನೂ ತುರುಕಿದ್ದಾರೆ. ಚನ್ನಪಟ್ಟಣದ ಬೊಂಬೆಯನ್ನು ಬಿಟ್ಟು ಯಾವ ಮಗುವೂ ಮುನ್ನೂರು ತುಂಡಿನ ಟ್ಯಾಂಕಿಗೆ ಹೋಗುವುದಿಲ್ಲ. ನಮ್ಮಲ್ಲಿ ಹೀಗೆ ಮಾಡುವ ಅಂಗಡಿ ನನ್ನ ಕಣ್ಣಿಗಂತೂ ಬಿದ್ದಿಲ್ಲ. ಹಾಗಿದ್ದಮೇಲೆ ಈ ಎಪ್ಪತ್ತು ಯಾರನ್ನು ಕಾಯುತ್ತಿದೆ? ಕಾಸಿದ್ದವನ ಮನೆಗೆ ಪೆಟ್ಟಿಗೆ ಹೇಗೂ ಬರುತ್ತದೆ. ನಿಂತುಹೋಗುವುದು ವರ್ಕ್‌ಶಾಪು ಕ್ವಾರ್ಟರ್ಸಿನ ಬಾಗಿಲಲ್ಲಿ.

ಅಶೋಕನ ಊರಿನಲ್ಲಿ ಫಿರಂಗಿ

ಇನ್ನೊಂದು ತಕರಾರು ಬಂದೇ ಬರುತ್ತದೆ. ಕಳಿಂಗದ ಹೆಣಗಳನ್ನು ನೋಡಿ ಯುದ್ಧ ಬಿಟ್ಟ ಅಶೋಕನ ಹೆಸರಿನ ಬಡಾವಣೆ, ಬುದ್ಧನಿಗೆ ಕೈಮುಗಿಯುವ ಜನ, ಅಲ್ಲಿನ ಮಕ್ಕಳ ಕೈಗೆ ಟ್ಯಾಂಕು ಕೊಡ್ತೀರಾ? ಈ ಮಾತನ್ನು ತಳ್ಳಿಹಾಕಲಾರೆ. ಆದರೆ ಮೊಬೈಲಿನಲ್ಲಿ ಗುಂಡಿ ಒತ್ತಿ ದಿನಕ್ಕೆ ನೂರು ಟ್ಯಾಂಕು ಸುಡುವ ಹುಡುಗನಿಗೂ, ಹದಿನೈದು ದಿನ ಕೂತು ಒಂದು ಟ್ಯಾಂಕು ಕಟ್ಟುವ ಹುಡುಗನಿಗೂ ವ್ಯತ್ಯಾಸವಿದೆ. ಕಟ್ಟುವವನು ಟಿ-72ರ ಒಳಗೆ ಐದು ಸೆಂಟಿಮೀಟರಿನ ಮೂರು ಜನರನ್ನು ಕೂರಿಸಬೇಕಾಗುತ್ತದೆ. ಅವರ ಕಾಲ ಬಳಿಯೇ ಫಿರಂಗಿಯ ಮದ್ದು, ಪಕ್ಕದಲ್ಲೇ ಡೀಸೆಲ್ಲು, ಹೊರಬರಲು ಕಿಷ್ಕಿಂಧದಂಥ ಬಾಯಿ. ಗುಂಡು ಬಿದ್ದರೆ ಇವರೇನಾಗುತ್ತಾರೆ ಎಂಬ ಪ್ರಶ್ನೆ ಅವನಿಗೆ ಯಾರೂ ಹೇಳಿಕೊಡದೆ ಬರುತ್ತದೆ.

ಟ್ಯಾಂಕೇ ಯಾಕೆ, ರೈಲು ಮಾಡಲಿ ಬಿಡಿ ಅಂದರೂ ಸರಿಯೇ. ಕೆ.ಆರ್.ಎಸ್. ರಸ್ತೆಯ ರೈಲು ಮ್ಯೂಸಿಯಮ್ಮಿನಲ್ಲಿ 1979ರಿಂದ ಉಗಿಬಂಡಿಗಳು ಅಳೆಸಿಕೊಳ್ಳಲು ನಿಂತೇ ಇವೆ. ಆದರೆ ಹುಡುಗರನ್ನು ಕೇಳಿ ನೋಡಿ. ಟ್ಯಾಂಕೇ ಬೇಕು ಅಂತಾರೆ.

ಸುಂಕ ಇಳಿಯುವತನಕ ಕಾಯಬೇಕಾಗಿಲ್ಲ. ಮೈಸೂರಿನಲ್ಲಿ ಊದುಬತ್ತಿ ಡಬ್ಬಿಯ ರಟ್ಟಿಗೆ ಕೊರತೆಯಿಲ್ಲ. ನಳಿಗೆಗೆ ಹಳೆಯ ರೀಫಿಲ್ಲಿದೆ, ಪಟ್ಟಿಗೆ ಸೈಕಲ್ ಟ್ಯೂಬಿದೆ, ಗಾಲಿಗೆ ರೂಪಾಯಿಯ ಅಳತೆಯಲ್ಲಿ ರಟ್ಟು ಕತ್ತರಿಸಿದರಾಯಿತು. ಬೇಕಾದದ್ದು ಸರಿಯಾದ ಅಳತೆ, ಮತ್ತು ಅಂಚು ಓರೆಯಾದರೆ ‘ಮತ್ತೆ ಮಾಡು’ ಅನ್ನುವ ಒಬ್ಬ ಹಿರಿಯ. ನಿವೃತ್ತ ಫಿಟ್ಟರುಗಳು ಅಶೋಕಪುರಂನಲ್ಲಿ ಬೀದಿಗೊಬ್ಬರಿದ್ದಾರೆ. ಶಾಲೆಯ ಒಂದು ಕೊಠಡಿ, ಭಾನುವಾರ ಎರಡು ಗಂಟೆ, ನಾಲ್ಕು ಉಕ್ಕಿನ ಸ್ಕೇಲು. ನಗರಪಾಲಿಕೆಯ ಬಜೆಟ್ಟಿಗೆ ಇದರಿಂದ ಧಕ್ಕೆಯಾಗದು. ಮುಂದಿನ ದಸರಾ ವಸ್ತುಪ್ರದರ್ಶನದಲ್ಲಿ ಇವರಿಗೊಂದು ಮಳಿಗೆ ಕೊಟ್ಟರೆ ಜನ ನೋಡುವುದಿಲ್ಲವೆ?

ಮೊದಲ ಅಳತೆಗೆ ದೂರ ಹೋಗಬೇಕಾಗಿಲ್ಲ. ಮಡಿಕೇರಿಯಲ್ಲಿ ತಿಮ್ಮಯ್ಯನವರು ಹುಟ್ಟಿದ ‘ಸನ್ನಿಸೈಡ್’ ಮನೆ 2021ರಲ್ಲಿ ಮ್ಯೂಸಿಯಂ ಆಯಿತು. ಅದರ ಅಂಗಳದಲ್ಲಿ ಸೇನೆಯಿಂದ ನಿವೃತ್ತಿಯಾದ ಟ್ಯಾಂಕೊಂದು ನಿಂತಿದೆ. ಗುಟ್ಟೇನೂ ಇಲ್ಲ, ಯಾರು ಬೇಕಾದರೂ ಸುತ್ತು ಹಾಕಿ ನೋಡಬಹುದು. ಟೇಪು ಹಿಡಿಯಲು ಮ್ಯೂಸಿಯಮ್ಮಿನವರ ಅಪ್ಪಣೆ ಕೇಳಿಕೊಂಡರೆ ಸಾಕು. ಸಬರ್ಬನ್ ಸ್ಟ್ಯಾಂಡಿನಿಂದ ಮಡಿಕೇರಿಗೆ ಬೆಳಗಿನ ಬಸ್ಸಿದೆ. ಹುಡುಗರಿಗೆ ಅರ್ಧ ಟಿಕೆಟ್ಟು, ಫಿಟ್ಟರಿಗೆ ಪೂರ್ತಿ.