ಕರೆಂಟ್ ಹೋದಾಗ ಈ ದೀಪ ಉರಿಯುವುದೇ?

ಹಿಂದೂಪುರಕ್ಕೂ ಕಲ್ಯಾಣದುರ್ಗಕ್ಕೂ ನಡುವೆ ಕರ್ನಾಟಕದ ಪಾವಗಡವಿದೆ. ಅಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಹರಡಿದೆ. ಮಳೆ ಕೈಕೊಡುವ ಸೀಮೆಯಲ್ಲಿ ಬಿಸಿಲೇ ಬೆಳೆಯಾದುದನ್ನು ಕಂಡವರಿಗೆ ತಮ್ಮ ಮಾಳಿಗೆಯ ಮೇಲೂ ನಾಲ್ಕು ಫಲಕಗಳಿರಲೆಂಬ ಆಸೆ ಮೂಡುವುದು ಸಹಜ. 2024ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯು ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದಕ್ಕೆ ಮೇಲ್ಪಟ್ಟುದಕ್ಕೆ 78,000 ರೂಪಾಯಿ ಸಹಾಯಧನ ನೀಡುತ್ತದೆ.

ಆದರೆ ಹೆಚ್ಚು ಯೋಚಿಸಬೇಕಾದುದು ಫಲಕ ಕೂರಿಸುವವರ ಆಯ್ಕೆಯ ಬಗ್ಗೆ. ಅವರನ್ನು ಮೊದಲು ಕೇಳಬೇಕಾದುದು ಬೆಲೆಯನ್ನಲ್ಲ. ‘ಕಂಬದ ಕರೆಂಟ್ ಹೋದಾಗ ನಮ್ಮ ಮನೆಯ ದೀಪ ಉರಿಯುವುದೇ?’ ಎಂದು. ಬ್ಯಾಟರಿಯಿಲ್ಲದ ಸಾಮಾನ್ಯ ವ್ಯವಸ್ಥೆಯಲ್ಲಿ ಇದಕ್ಕೆ ‘ಇಲ್ಲ’ ಎಂಬುದೇ ಉತ್ತರ. ಲೈನ್‌ಮ್ಯಾನ್ ತಂತಿ ದುರಸ್ತಿ ಮಾಡುವಾಗ ಮನೆಗಳಿಂದ ವಿದ್ಯುತ್ತು ಹಿಮ್ಮುಖವಾಗಿ ಹರಿದು ಪ್ರಾಣಾಪಾಯವಾಗಬಾರದೆಂದು, ಕಂಬದ ಕರೆಂಟ್ ನಿಂತೊಡನೆ ಸೌರ ಇನ್ವರ್ಟರೂ ನಿಲ್ಲುತ್ತದೆ. ನಡುಹಗಲಿನ ಸುಡುಬಿಸಿಲಿನಲ್ಲೂ ಹೀಗೆಯೇ. ಬಿಲ್ಲು ಇಳಿದರೆ ಸಾಕೆನ್ನುವವರಿಗೆ ಇದು ಕೊರತೆಯಲ್ಲ. ಹತ್ತನೆಯ ತರಗತಿಯ ಮಗು ಕತ್ತಲೆಯಲ್ಲಿ ಕೂರದಿರಲೆಂದು ಸಾಲ ಮಾಡಿದ ಮನೆಗಾದರೋ ಇದು ಮೋಸವೇ. ಕೇಳುವ ಮೊದಲೇ ಈ ಮಾತನ್ನು ಹೇಳುವವರು ನಂಬಿಕೆಗೆ ಅರ್ಹರು.

ಬ್ಯಾಟರಿ ಎಷ್ಟು ದೊಡ್ಡದಿರಬೇಕು? ಎರಡು ಫ್ಯಾನಿಗೆ ಸುಮಾರು 150 ವಾಟ್, ನಾಲ್ಕು ಎಲ್‌ಇಡಿ ದೀಪಗಳಿಗೆ 36 ವಾಟ್. ನಾಲ್ಕು ಗಂಟೆ ನಡೆದರೂ ಮುಕ್ಕಾಲು ಯೂನಿಟ್. 12 ವೋಲ್ಟ್, 150 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1.8 ಯೂನಿಟ್ ಇರುತ್ತದೆ. ಬಾಳಿಕೆ ಬರಬೇಕಾದರೆ ಅರ್ಧದಷ್ಟನ್ನೇ ಬಳಸಬೇಕು. ಆ ಅರ್ಧವೂ ಇಷ್ಟಕ್ಕೆ ಸಾಲುತ್ತದೆ. ಮನೆಯಲ್ಲಿ ಈಗಾಗಲೇ ಇರುವ ಸಾಧಾರಣ ಇನ್ವರ್ಟರನ್ನೇ ಉಳಿಸಿಕೊಳ್ಳಿ ಎಂದು ಹೇಳಿ ತಮ್ಮ ವ್ಯಾಪಾರ ಕಡಿಮೆ ಮಾಡಿಕೊಳ್ಳುವವರು ಸಿಕ್ಕರೆ ಬಿಡಬಾರದು. ನೀರೆತ್ತುವ ಮೋಟಾರೂ ನಡೆಯಬೇಕೆಂದರೆ ಮಾತು ಬೇರೆ: ಒಂದು ಅಶ್ವಶಕ್ತಿಯೆಂದರೆ 746 ವಾಟ್, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಆಗ ಹೈಬ್ರಿಡ್ ಇನ್ವರ್ಟರೂ ದೊಡ್ಡ ಲಿಥಿಯಂ ಬ್ಯಾಟರಿಯೂ ಬೇಕಾಗುತ್ತವೆ. ಸಹಾಯಧನವು ಫಲಕಗಳ ಸಾಮರ್ಥ್ಯಕ್ಕೇ ಹೊರತು ಬ್ಯಾಟರಿಗಲ್ಲ.

ಕೂರಿಸುವವರು ಯೋಜನೆಯ ಜಾಲತಾಣದಲ್ಲಿ ನೋಂದಾಯಿತರಾಗಿರಬೇಕು. ಐದು ವರ್ಷಗಳ ನಿರ್ವಹಣೆ ಅವರ ಹೊಣೆ. ಸಹಾಯಧನ ಬರುವುದು ವ್ಯವಸ್ಥೆ ಚಾಲೂ ಆದ ಮೇಲೆ, ಅದೂ ಗ್ರಾಹಕರ ಬ್ಯಾಂಕ್ ಖಾತೆಗೆ. ‘ಅದನ್ನು ನಾವೇ ತರಿಸಿಕೊಡುತ್ತೇವೆ, ಖರ್ಚಿಗೆ ಕೊಡಿ’ ಎನ್ನುವವರಿಂದ ದೂರವಿರುವುದು ಲೇಸು. ಒಪ್ಪಂದ ಪತ್ರ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಓದಬಲ್ಲವರಿಂದ ಕನ್ನಡದಲ್ಲಿ ಹೇಳಿಸಿಕೊಂಡ ಮೇಲೆಯೇ ಸಹಿ. ತಿರುಪತಿಯ ವಿದ್ಯುತ್ ವಿತರಣಾ ಸಂಸ್ಥೆಯಿಂದ ನೆಟ್ ಮೀಟರ್ ಹಾಕಿಸುವ ಓಡಾಟ ಯಾರದೆಂಬುದೂ ಅದರಲ್ಲಿರಲಿ.

ಇನ್ನು, ಮಾಳಿಗೆ ಹತ್ತದೆ ಫೋನಿನಲ್ಲೇ ಬೆಲೆ ಹೇಳುವವರಿದ್ದಾರೆ. ನೀರಿನ ಟ್ಯಾಂಕಿನ ನೆರಳು, ಪಕ್ಕದ ಬೇವಿನ ಮರದ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುವುದೆಂದು ನೋಡದವರ ಲೆಕ್ಕಕ್ಕೆ ಅರ್ಥವಿಲ್ಲ. ಕಿಲೋವಾಟ್‌ಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಬರುವುದು ನೆರಳಿಲ್ಲದಿದ್ದರೆ ಮಾತ್ರ. ಅವರೇ ಎರಡು ವರ್ಷದ ಹಿಂದೆ ಕೂರಿಸಿದ ಮನೆಯೊಂದರ ವಿಳಾಸ ಕೇಳಿ ಪಡೆದು ಹೋಗಿ ಬರಬೇಕು: ಕೆಟ್ಟಾಗ ಕರೆದರೆ ಎಷ್ಟನೆಯ ದಿನ ಬಂದರು ಎಂಬುದು ಆ ಮನೆಯವರಿಗೇ ಗೊತ್ತು.