ಭಟ್ಟರ ಫೈಲಿನಲ್ಲಿ 'ಡಿ' ಇದ್ದದ್ದು 'ಬಿ' ಆಯಿತು



ಈ ಸಲ ಲೈಸನ್ಸು, ಟ್ಯಾಕ್ಸು, ಕೆಲಸದವರ ಅಭಾವ ಎಲ್ಲ ಬದಿಗಿಟ್ಟು ನಮ್ಮ ಅಡಿಗೆಕೋಣೆಯ ಕೆಮ್ಮಿನ ಬಗ್ಗೆ ಬರೆಯುತ್ತಿದ್ದೇವೆ. ನಾವು ಓದಿದ್ದು ಹತ್ತನೇ ತರಗತಿ. ಭಟ್ಟರ ಫೈಲು ಹಿಡಿದು ಆಸ್ಪತ್ರೆಯ ಮೆಟ್ಟಿಲು ಹತ್ತಿಳಿದು ಕಲಿತದ್ದು ಇಷ್ಟು.

ಮುಂಬಯಿಯ ನಮ್ಮ ಹೋಟೆಲಿನ ದೋಸೆ ಭಟ್ಟರಿಗೆ ಈಗ ಅರುವತ್ತೊಂದು. ಹುಡುಗನಾಗಿ ಬಂದಾಗ ಸೌದೆ ಒಲೆ, ಆಮೇಲೆ ಡೀಸೆಲ್ ಭಟ್ಟಿ, ಗ್ಯಾಸು ಬಂದದ್ದು ತಡವಾಗಿ. ಬೀಡಿ ಮುಟ್ಟಿದವರಲ್ಲ. 2012ರಲ್ಲಿ ಒಂದು ಮಾಳಿಗೆ ಹತ್ತಿದರೆ ಏದುಸಿರು ಬರತೊಡಗಿತು. ಉಬ್ಬಸ ಎಂದುಕೊಂಡಿದ್ದೆವು. ಕೊಳವೆಯಲ್ಲಿ ಊದಿಸುವ ಸ್ಪೈರೊಮೆಟ್ರಿ ಮಾಡಿಸಿದಾಗ, ಮೊದಲ ಸೆಕೆಂಡಿನಲ್ಲಿ ಹೊರಬಿಡುವ ಗಾಳಿ ಇರಬೇಕಾದ್ದರ ನೂರಕ್ಕೆ 46 ಮಾತ್ರ. ಸಿಒಪಿಡಿ ಎಂದರು, ಫೈಲಿನಲ್ಲಿ 'ಡಿ ಗುಂಪು' ಎಂದು ಬರೆದು ಸ್ಟೀರಾಯ್ಡ್ ಸೇರಿದ ಇನ್‌ಹೇಲರ್ ಕೊಟ್ಟರು.

ಎ, ಬಿ, ಸಿ, ಡಿ. ಡಿ ಎಂದರೆ ಕೊನೆ. ನಾವು ಹೆದರಿದೆವು. ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳುಹಿಸುವ ಮಾತನ್ನೂ ಆಡಿಬಿಟ್ಟೆವು. "ಶೆಟ್ರೇ, ಊರಲ್ಲಿ ನನಗೆ ಏನುಂಟು?" ಎಂದರು. ಕಾವಲಿಯಿಂದ ತೆಗೆದು ಸ್ಟೋರಿಗೆ ಹಾಕಿದೆವು. ಆ ಮಾತು ಆಡಬಾರದಿತ್ತು ಎಂದು ಇವತ್ತಿಗೂ ಅನ್ನಿಸುತ್ತದೆ.

ನಡುವೆ ಎರಡು ಸಲ ನ್ಯುಮೋನಿಯ ಆಯಿತು. ಕಳೆದ ಒಂದು ವರ್ಷ ಮಾತ್ರ ರೋಗ ಉಲ್ಬಣಿಸಲಿಲ್ಲ. ಮೊನ್ನೆ ತಪಾಸಣೆಗೆ ಹೋದಾಗ ಹೊಸ ಡಾಕ್ಟರು ಫೈಲು ನೋಡಿ, "ಇವರು ಬಿ ಗುಂಪು, ಸ್ಟೀರಾಯ್ಡ್ ಬೇಡ" ಎಂದರು. ಭಟ್ಟರ ಮಗನಿಗೆ ಸಿಟ್ಟು ಬಂತು. ಊದಿದ ಅಂಕಿ 46ರಿಂದ 44ಕ್ಕೆ ಇಳಿದಿರುವಾಗ ಔಷಧ ಕಡಿಮೆ ಮಾಡುವುದೇ? ನಮಗೂ ಹಾಗೇ ಕಂಡಿತು.

ಡಾಕ್ಟರು ಬಿಡಿಸಿ ಹೇಳಿದರು. ಗೋಲ್ಡ್ ಎಂಬ ಅಂತಾರಾಷ್ಟ್ರೀಯ ತಜ್ಞರ ಸಂಸ್ಥೆ ಈ ರೋಗಕ್ಕೆ ಸೂತ್ರ ಹಾಕಿಕೊಡುತ್ತದೆ. 2001ರ ಮೊದಲ ವರದಿಯಲ್ಲಿ ಊದಿದ ಅಂಕಿಯ ಮೇಲೆಯೇ ಹಂತ. 2011ರಲ್ಲಿ ಅಂಕಿ, ಏದುಸಿರು, ವರ್ಷಕ್ಕೆ ಎಷ್ಟು ಸಲ ಉಲ್ಬಣಿಸಿತು, ಮೂರನ್ನೂ ಕೂಡಿಸಿ ಎ, ಬಿ, ಸಿ, ಡಿ ಮಾಡಿದರು. ಅಂಕಿ 50ರ ಕೆಳಗಿದ್ದುದರಿಂದಲೇ ನಮ್ಮ ಭಟ್ಟರು ಡಿ ಆದದ್ದು. 2017ರಲ್ಲಿ ಅಂಕಿಯನ್ನು ಅಕ್ಷರದಿಂದ ಬೇರೆ ಮಾಡಿ 1ರಿಂದ 4ರ ದರ್ಜೆಯಾಗಿ ಪಕ್ಕಕ್ಕೆ ಇಟ್ಟರು. 2023ರಲ್ಲಿ ಸಿ, ಡಿ ಎರಡನ್ನೂ ಸೇರಿಸಿ 'ಇ' ಎಂದರು. ಏದುಸಿರು ಇದ್ದು ಉಲ್ಬಣ ಇಲ್ಲದವರು ಬಿ. ಶ್ವಾಸಕೋಶ ಸುಧಾರಿಸಿದ್ದಲ್ಲ, ಅಳೆಯುವ ಸೇರು ಬದಲಾದದ್ದು.

ಅಕ್ಷರ ಬದಲಾದರೆ ಮದ್ದೂ ಬದಲಾಗುತ್ತದೆ. ಬಿ ಗುಂಪಿಗೆ ಈಗ ಶ್ವಾಸನಾಳ ಹಿಗ್ಗಿಸುವ, ಹೆಚ್ಚು ಹೊತ್ತು ಕೆಲಸ ಮಾಡುವ ಎರಡು ಔಷಧ ಒಟ್ಟಿಗೆ. ಸ್ಟೀರಾಯ್ಡಿಗೆ ರಕ್ತದ ಇಯೋಸಿನೋಫಿಲ್ ಎಣಿಕೆ ನೋಡುತ್ತಾರೆ. 300ರ ಮೇಲಿದ್ದು ರೋಗ ಉಲ್ಬಣಿಸುತ್ತಿದ್ದರೆ ಉಪಯೋಗ ಹೆಚ್ಚು, 100ರ ಕೆಳಗಿದ್ದರೆ ಲಾಭ ಕಡಿಮೆ, ನ್ಯುಮೋನಿಯದ ಅಪಾಯ ಬೇರೆ. ಭಟ್ಟರದ್ದು 80. ಜೊತೆಗೆ ಆಸ್ತಮಾ ಇರುವವರಿಗೆ ಸ್ಟೀರಾಯ್ಡ್ ಬೇಕೇ ಬೇಕಂತೆ. ಹಾಗಾಗಿ ಇದನ್ನು ಓದಿ ಯಾರೂ ತಾವಾಗಿ ಇನ್‌ಹೇಲರ್ ಬಿಡಬೇಡಿ. ಹಳೆಯ ಫೈಲು ಹಿಡಿದು ಹೋಗಿ ಕೇಳಿ.

ನಮ್ಮ ಉದ್ಯಮಕ್ಕೆ ಮುಖ್ಯವಾದ ಬದಲಾವಣೆ ಇನ್ನೊಂದು. ಮೊದಲೆಲ್ಲ ಡಾಕ್ಟರರ ಮೊದಲ ಪ್ರಶ್ನೆ, ದಿನಕ್ಕೆ ಎಷ್ಟು ಬೀಡಿ? 2023ರ ವರದಿಯಲ್ಲಿ ಸೌದೆ ಹೊಗೆ, ವಾಯುಮಾಲಿನ್ಯದಿಂದ ಬಂದ ಸಿಒಪಿಡಿಯನ್ನು ಬೇರೆಯೇ ಬಗೆ ಎಂದು ಗುರುತಿಸಿದ್ದಾರೆ. ಬೀಡಿ ಸೇದದವನ ಕೆಮ್ಮಿಗೂ ಒಂದು ಹೆಸರಾಯಿತು. 2025ರಲ್ಲಿ ಮುಂಬಯಿ ಹೈಕೋರ್ಟ್ ಸೌದೆ, ಇದ್ದಿಲಿನ ಬೇಕರಿಗಳು ಆರು ತಿಂಗಳಲ್ಲಿ ಗ್ಯಾಸಿನಂಥ ಇಂಧನಕ್ಕೆ ಬದಲಾಗಬೇಕೆಂದಾಗ ನಾವೂ ಖರ್ಚಿನ ಲೆಕ್ಕ ಹಾಕಿ ಗೊಣಗಿದವರೇ. ಭಟ್ಟರ ಫೈಲು ಓದಿದ ಮೇಲೆ ಗೊಣಗಲಿಲ್ಲ.

ಚಿಮಣಿ ತೊಳೆಸಿದೆವು, ಎಗ್ಸಾಸ್ಟ್ ಬದಲಿಸಿದೆವು. ಅಡಿಗೆಕೋಣೆಯ ಹನ್ನೊಂದು ಜನರಿಗೂ ಸ್ಪೈರೊಮೆಟ್ರಿ ಮಾಡಿಸಿದೆವು. ಪೂರಿ, ವಡೆ ಕರಿಯುವವನದ್ದು ಮಾತ್ರ ಸರಿ ಬರಲಿಲ್ಲ. ಅವನಿಗೆ ಇನ್ನೂ ಮೂವತ್ತೆಂಟು. ಮದ್ದು ಕೊಟ್ಟು ಮತ್ತೊಮ್ಮೆ ಊದಿಸಿ ನೋಡಬೇಕು ಎಂದಿದ್ದಾರೆ. ಬರುವ ಸೋಮವಾರ ಕರೆದುಕೊಂಡು ಹೋಗುವುದುಂಟು. ಭಟ್ಟರೂ ಜೊತೆಗೆ ಬರುತ್ತಾರಂತೆ.