ಅಪ್ಪ ಕತ್ತರಿಸಿದ ಫಿಲಂ ತುಂಡು

"ಇದು ಇಲ್ಲಿ ಬಂದು ಕುಂತದಲ್ಲ!" ಎನ್ನುತ್ತ ಅಪ್ಪ ಹಳೆಯ ಪ್ರೊಜೆಕ್ಟರಿನ ಮುಂದೆ ನಿಂತವ ಜಪ್ಪಯ್ಯ ಅಂದರೂ ಕದಲಲಿಲ್ಲ.

ಮುಂಬೈನ ಪೆಡ್ಡರ್ ರಸ್ತೆಯ ಗುಲ್ಶನ್ ಮಹಲ್. ಭಾರತೀಯ ಸಿನಿಮಾದ ರಾಷ್ಟ್ರೀಯ ಸಂಗ್ರಹಾಲಯ 2019ರ ಜನವರಿಯಲ್ಲಿ ಉದ್ಘಾಟನೆಯಾದದ್ದು ಇಲ್ಲಿ. ಕಲಬುರಗಿಯ ಸೇಡಂ ರಸ್ತೆಯ ಮನೆಗೆ ಬೀಗ ಹಾಕಿ ಇಬ್ಬರೂ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದ್ದೆವು. ಕಟ್ಟಿಕೊಂಡಿದ್ದ ಕಮಲಾಪುರದ ಕೆಂಪು ಬಾಳೆಹಣ್ಣು ಸೊಲ್ಲಾಪುರ ಬರುವಷ್ಟರಲ್ಲೇ ಮುಗಿದಿತ್ತು.

ಆ ಕಮಲಾಪುರದ ಸುತ್ತಲೇ ಅಪ್ಪ ಟೂರಿಂಗ್ ಟಾಕೀಸಿನ ಆಪರೇಟರ್ ಆಗಿದ್ದ. ಸಂಗ್ರಹಾಲಯದ ಫಲಕಗಳನ್ನು ನಾನು ಓದುತ್ತಿದ್ದರೆ, ಅವನು ಯಂತ್ರಗಳನ್ನು ಓದುತ್ತಿದ್ದ. "ನೋಡವ್ವ, ಇಲ್ಲಿ ಕಾರ್ಬನ್ ಕಡ್ಡಿ ಉರೀತಿತ್ತು. ಸಾವಿರ ಅಡಿ ರೀಲಿಗಿ ಹನ್ನೊಂದು ನಿಮಿಷ. ನಮ್ಮ ಟೆಂಟಿನಾಗ ಇದ್ದದ್ದು ಒಂದೇ ಮಷೀನ್, ರೀಲು ಬದಲಿಸೋತನಕ ಮಂದಿ ಸೀಟಿ ಹೊಡೀತಿದ್ರು."

1896ರ ಜುಲೈ 7ರಂದು ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸೋದರರ ಚಿತ್ರಗಳು ಭಾರತದಲ್ಲಿ ಮೊದಲ ಬಾರಿ ಓಡಿದ್ದೂ ಇದೇ ಊರಲ್ಲಿ. 1913ರ 'ರಾಜಾ ಹರಿಶ್ಚಂದ್ರ'ದಲ್ಲಿ ಫಾಳ್ಕೆಯವರಿಗೆ ತಾರಾಮತಿಯಾಗಲು ಹೆಂಗಸರು ಸಿಗದೆ, ಅಡುಗೆ ಕೆಲಸದ ಸಾಳುಂಕೆ ಸೀರೆ ಉಟ್ಟರು. ಇದನ್ನು ಕೇಳಿ ಅಪ್ಪ ನಕ್ಕ: "ನಮ್ಮ ಕಡಿ ದೊಡ್ಡಾಟದಾಗೂ ಹಂಗೇ ಅಲ್ಲೇನು?"

ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ದ ಮಾತು ಬಂದಾಗ ಮಾತ್ರ ಅವನ ನಗು ನಿಂತಿತು. ಕೊಲ್ಹಾಪುರದಲ್ಲಿ ಚಿತ್ರಿಸಿದ, 1934ರ ಮಾರ್ಚ್ 3ರಂದು ತೆರೆಕಂಡ ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. "ಒಂದೂ ಇಲ್ಲ?" ಎಂದು ಎರಡು ಸಲ ಕೇಳಿದ.

ಕಾರಣ ಅವನಿಗೆ ಗೊತ್ತಿಲ್ಲದ್ದೇನಲ್ಲ. ಅಂದಿನ ರೀಲು ನೈಟ್ರೇಟಿನದು, ಕಿಡಿ ಸಾಕು ಹೊತ್ತಿಕೊಳ್ಳಲು. ಓಡಿ ಮುಗಿದ ಚಿತ್ರದಿಂದ ಬೆಳ್ಳಿ ತೆಗೆದು ಮಾರುತ್ತಿದ್ದವರೂ ಇದ್ದರು. ಆಮೇಲೆ ಬಂದ ಅಸಿಟೇಟ್ ರೀಲು ಸೆಕೆಗೆ ಕೊಳೆತು ಹುಳಿ ವಾಸನೆ ಬಿಡುತ್ತದೆ. ತಂಪು ಕೋಣೆಯಲ್ಲಿಟ್ಟರಷ್ಟೇ ಅದಕ್ಕೆ ಆಯುಷ್ಯ, ಬಣ್ಣದ ರೀಲಿಗೆ ಇನ್ನೂ ಹೆಚ್ಚಿನ ತಂಪು ಬೇಕು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಅದು ಬದುಕುವುದೆಲ್ಲಿ ಬಂತು?

ಮರಳುವಾಗ ಪುಣೆ ಸ್ಟೇಷನ್ನಿನಲ್ಲಿ ರೈಲು ನಿಂತಾಗ ಪಿ.ಕೆ. ನಾಯರ್ ಅವರ ಕಥೆ ಹೇಳಿದೆ. 1964ರಲ್ಲಿ ಅಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಭಂಡಾರವನ್ನು ಕಟ್ಟಿ ಬೆಳೆಸಿದವರು ಅವರು. 'ರಾಜಾ ಹರಿಶ್ಚಂದ್ರ'ದ ಉಳಿದ ರೀಲುಗಳನ್ನು ನಾಸಿಕ್‌ನ ಫಾಳ್ಕೆ ಕುಟುಂಬದಿಂದ ತಂದರು. ನೀನಾಸಂನ ಚಿತ್ರರಸಗ್ರಹಣ ಶಿಬಿರಕ್ಕೆ ಪುಣೆಯಿಂದ ಚಿತ್ರಗಳು ಬಂದು, ಹೆಗ್ಗೋಡಿನ ಅಡಿಕೆ ಬೆಳೆಗಾರರೂ ಜಪಾನಿನ ಕುರೋಸಾವಾನ ಚಿತ್ರ ನೋಡಿದರು. ಇಷ್ಟಾದರೂ ನಮ್ಮ ಸಾವಿರಕ್ಕೂ ಮಿಕ್ಕ ಮೂಕಿಚಿತ್ರಗಳಲ್ಲಿ ಉಳಿದವು ಬೆರಳೆಣಿಕೆಯಷ್ಟು.

ಅಪ್ಪ ಕಿಟಕಿಯಾಚೆ ನೋಡುತ್ತ ಅಂದ: "ರೀಲು ಹರದಾಗೊಮ್ಮೆ ನಾನೂ ನಾಕು ಫ್ರೇಮ್ ಕತ್ತರಿಸಿ ಅಂಟಸ್ತಿದ್ದೆ. ಆ ತುಂಡು ನಿನಗ ಆಡ್ಲಾಕ ಕೊಡ್ತಿದ್ದೆ." ಹೌದು, ನೀರು ತುಂಬಿದ ಬಲ್ಬು, ಕನ್ನಡಿಯ ಬಿಸಿಲು, ಅವನದೇ ಧೋತರದ ತೆರೆ. ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮ್. ಯಾವುದೋ ಚಿತ್ರದ ಎಷ್ಟು ಸೆಕೆಂಡುಗಳನ್ನು ನಾವಿಬ್ಬರು ತಿಂದಿದ್ದೇವೋ!

ಮನೆಗೆ ಬಂದವನೇ ಅಟ್ಟದ ಟ್ರಂಕು ಇಳಿಸಿದ. ಟೆಂಟಿನಲ್ಲಿ ಮಾರದೆ ಉಳಿದ ಹಾಡಿನ ಪುಸ್ತಕಗಳು, ಎರಡು ಪೋಸ್ಟರು. ಪುಣೆಯ ಭಂಡಾರ ರೀಲಿನ ಜೊತೆ ಇಂಥವನ್ನೂ ಕೂಡಿಡುತ್ತದೆ. ನಿಮ್ಮ ಅಟ್ಟದಲ್ಲೂ ಇದ್ದಾವು. ರದ್ದಿಯವನನ್ನು ಕೂಗುವ ಮೊದಲು ಒಮ್ಮೆ ಟ್ರಂಕು ತೆರೆದು ನೋಡಿ. ಮುಂಬೈಗೆ ಹೋದರೆ ಸಂಗ್ರಹಾಲಯಕ್ಕೂ ಹೋಗಿ ಬನ್ನಿ; ಸೋಮವಾರ ರಜೆ.